ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಥಾಯ್ಲೆಂಡಿನ ಅಯುತ್ಥಾಯ ನಗರವನ್ನು ನೋಡಲು ಸೂಕ್ತವೇ?

ಖಂಡಿತ ಸೂಕ್ತ, ಆದರೆ ನವೆಂಬರ್ ಆರಂಭಕ್ಕಿಂತ ಡಿಸೆಂಬರ್, ಜನವರಿ ಮೇಲು. ಚಾವೊ ಫ್ರಯಾ, ಪಾ ಸಕ್, ಲೋಪ್‌ಬುರಿ ನದಿಗಳು ಸುತ್ತುವರಿದಿರುವ ಈ ಹಳೆಯ ರಾಜಧಾನಿಗೆ ಮಳೆಗಾಲದ ಕೊನೆಯಲ್ಲಿ ಉತ್ತರದ ನೀರೆಲ್ಲ ಇಳಿದು ಬರುತ್ತದೆ. 2011ರ ಅಕ್ಟೋಬರ್‌ನಲ್ಲಿ ಪುರಾತನ ದೇಗುಲಗಳೂ ಜಲಾವೃತವಾಗಿದ್ದವು.

ತಂಪುಗಾಲವೆಂದರೆ ಸ್ವೆಟರ್ ಬೇಕಾಗುವ ಚಳಿಯೆಂದು ಭಾವಿಸಬಾರದು. ಮಧ್ಯಾಹ್ನ 30 ಡಿಗ್ರಿ ದಾಟುವುದುಂಟು. 1767ರಲ್ಲಿ ಬರ್ಮಾ ಸೈನ್ಯ ಹಾಳುಗೆಡವಿದ ನಗರದ ಇಟ್ಟಿಗೆಯ ಅವಶೇಷಗಳ ನಡುವೆ ನೆರಳೂ ಕಡಿಮೆ. ಆದ್ದರಿಂದ ಬ್ಯಾಂಕಾಕ್‌ನಿಂದ ಬೆಳಗಿನ ರೈಲು ಹಿಡಿದು, ನಿಲ್ದಾಣದ ಸಮೀಪದ ಕಡವಿನಲ್ಲಿ ದೋಣಿಯಿಂದ ಪಾ ಸಕ್ ದಾಟಿ, ಬಾಡಿಗೆ ಸೈಕಲ್ ಪಡೆಯುವುದು ಒಳ್ಳೆಯದು.

ವಾಟ್ ಮಹಾಥಾಟ್ ದೇಗುಲದಲ್ಲಿ ಮರದ ಬೇರುಗಳು ತಬ್ಬಿಕೊಂಡಿರುವ ಬುದ್ಧನ ಶಿರಸ್ಸು ನೆಲಮಟ್ಟಕ್ಕೆ ಸಮೀಪದಲ್ಲಿರುವುದರಿಂದ, ಅದರೊಡನೆ ಚಿತ್ರ ತೆಗೆಸಿಕೊಳ್ಳುವವರು ತಮ್ಮ ತಲೆ ಅದಕ್ಕಿಂತ ಕೆಳಗಿರುವಂತೆ ಕುಳಿತುಕೊಳ್ಳಬೇಕು. ಅಲ್ಲಿನ ಕಾವಲುಗಾರರು ಈ ವಿಷಯದಲ್ಲಿ ರಿಯಾಯಿತಿ ತೋರುವುದಿಲ್ಲ, ತೋರಬೇಕಾಗಿಯೂ ಇಲ್ಲ. ಸಂಜೆಯನ್ನು ಚಾವೊ ಫ್ರಯಾ ನದಿಯ ಪಶ್ಚಿಮ ದಡದಲ್ಲಿರುವ, 1630ರಲ್ಲಿ ಪ್ರಸಾತ್ ಥಾಂಗ್ ದೊರೆ ಕಟ್ಟಿಸಲಾರಂಭಿಸಿದ ವಾಟ್ ಚೈವತ್ಥನಾರಾಮ್‌ಗೆ ಮೀಸಲಿಡಿ. ಸಮಯ ಒಂದೇ ದಿನವಾದರೆ ಉಳಿದುದನ್ನು ಬಿಟ್ಟರೂ ನಷ್ಟವಿಲ್ಲ.