ಸ್ವಯಂಸಿದ್ಧ ಅಂತ ಹೇಳಿದೋರು ಯಾರು ಮಾಸ್ಟ್ರೇ?

ಮುಂಬೈ ಹತ್ರದ ಡೊಂಬಿವಲಿಯ ನಿವೃತ್ತ ಗಣಿತ ಮಾಸ್ಟ್ರೊಬ್ಬರ ಪತ್ರ: "ಹೋದ ಸಂಚಿಕೇಲಿ 'ಆಕ್ಸಿಯಮ್' ಅಂತ ಹಾಕಿದ್ದೀರಿ. ಸ್ವಯಂಸಿದ್ಧ ಅನ್ನೋ ನಮ್ಮದೇ ಪದ ಇಲ್ವೇ? ತಾನಾಗೇ ಸಾಬೀತಾದದ್ದು, ಪ್ರಶ್ನೆ ಕೇಳೋ ಹಾಗೇ ಇಲ್ಲ. ಆ ಗ್ರೀಕ್ ಪದದಲ್ಲಿ ಅಂಥದ್ದೇನಿದೆ?"

ಮಾಸ್ಟ್ರೇ, ನಮ್ಮ ಪದ ಇದ್ದಾಗ ನಮ್ಮದನ್ನೇ ಬಳಸ್ಬೇಕು, ಒಪ್ಪಿದೆ. (ಸ್ವಯಂಸಿದ್ಧ ಅಪ್ಪಟ ಸಂಸ್ಕೃತ ಅನ್ನೋ ಜಗಳ ಇವತ್ತು ಬೇಡ.) ಆದ್ರೆ 'ಪ್ರಶ್ನೆ ಕೇಳೋ ಹಾಗೇ ಇಲ್ಲ' ಅಂದ್ರಲ್ಲ, ಅದು ಮಾತ್ರ ನಂಗೆ ಗಂಟಲಲ್ಲಿ ಇಳೀಲಿಲ್ಲ.

ಗ್ರೀಕಲ್ಲಿ 'ಆಕ್ಸಿಯೋಸ್' ಅಂದ್ರೆ ಯೋಗ್ಯ, ಬೆಲೆಯುಳ್ಳದ್ದು. ಅದರಿಂದ ಬಂದದ್ದು 'ಆಕ್ಸಿಯೋಮಾ', ಒಪ್ಪೋಕೆ ಯೋಗ್ಯ ಅಂತ ಬಗೆದದ್ದು. ಅಂದ್ರೆ ಒಪ್ಪೋನೊಬ್ಬ ಅಲ್ಲಿ ಕೂತಿದ್ದಾನೆ, ಸ್ವಯಂಸಿದ್ಧದಲ್ಲಿ ಆ ಪುಣ್ಯಾತ್ಮನೇ ಮಾಯ! ತಮಾಷೆ ಕೇಳಿ, ಕ್ರಿ.ಪೂ. 300ರ ಸುಮಾರಿನ ಗ್ರೀಕ್ ರೇಖಾಗಣಿತದ ಪಂಡಿತ ಯೂಕ್ಲಿಡ್, ನೀವು ಜೀವಮಾನವೆಲ್ಲ ಕಲಿಸಿದ ಅದೇ ಯೂಕ್ಲಿಡ್, ಈ ಪದ ಬಳಸ್ಲೇ ಇಲ್ಲ, ಕೆಲವನ್ನ 'ಎಲ್ಲರಿಗೂ ಗೊತ್ತಿರೋ ತಿಳುವಳಿಕೆ' ಅಂದ, ಇನ್ನು ಐದನ್ನ 'ಕೇಳಿಕೊಳ್ಳೋದು' ಅಂದ, ಇಷ್ಟು ಒಪ್ಕೊಳ್ರಪ್ಪಾ, ಮುಂದಿನದ್ದು ನಾನು ಸಾಧಿಸಿ ತೋರಿಸ್ತೀನಿ ಅಂತ. ಇಲ್ಲಿ ಮರಾಠಿ ಮಕ್ಕಳ ಪುಸ್ತಕದಲ್ಲಿ ಅದಕ್ಕೆ 'ಗೃಹೀತಕ' ಅಂತಾರೆ. ಹೀಗಂತ ಇಟ್ಕೊಂಡಿದ್ದೀವಿ, ಅಷ್ಟೇ. ಎಂಥಾ ಪ್ರಾಮಾಣಿಕ ಪದ ಮಾರಾಯ್ರೆ.

ಆ ಐದನೇದು, ಸಮಾಂತರ ಗೆರೆಗಳದ್ದು, ಎರಡು ಸಾವಿರ ವರ್ಷ ಪಂಡಿತರ ನಿದ್ದೆಗೆಡಿಸಿತು. ಉಳಿದವುಗಳಿಂದ ಇದನ್ನ ಸಾಧಿಸ್ತೀವಿ ಅಂತ ಹೋದೋರೆಲ್ಲ ಕೈಸುಟ್ಟುಕೊಂಡ್ರು. ಕೊನೆಗೆ 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೇರಿಯ ಬೋಯೈ, ಒಪ್ಪದಿದ್ರೆ ಏನಾಗುತ್ತೆ ನೋಡೇ ಬಿಡೋಣ ಅಂದ್ರು, ಹೊಸ ರೇಖಾಗಣಿತಾನೇ ಹುಟ್ಟಿತು. ಇನ್ನು ಅವನ 'ಎಲ್ಲರಿಗೂ ಗೊತ್ತಿರೋ' ಪಟ್ಟೀಲಿರೋ 'ಇಡಿಯು ಬಿಡಿಗಿಂತ ದೊಡ್ಡದು' ಅನ್ನೋದು? 1, 2, 3 ಅಂತ ಬರೀತಾ ಹೋಗಿ, ಕೆಳಗೆ ಅವುಗಳ ವರ್ಗ 1, 4, 9 ಇಡ್ತಾ ಬನ್ನಿ, ಪ್ರತಿಯೊಂದಕ್ಕೂ ಜೋಡಿ ಸಿಗ್ತಾನೇ ಇರುತ್ತೆ. ವರ್ಗಗಳು ಆ ಸಂಖ್ಯೆಗಳ ಒಂದು ಬಿಡಿ ಮಾತ್ರ, ಆದ್ರೂ ಇಡಿಗಿಂತ ಕಮ್ಮಿ ಅನ್ನೋಕಾಗಲ್ಲ. 1638ರಲ್ಲೇ ಗೆಲಿಲಿಯೋ ಇದನ್ನ ಅಚ್ಚು ಹಾಕಿಸಿದ್ದ.

ಗ್ರೀಕ್ ಪರದೇಶಿ ಅಂತೀರಾ? ಹದಿನೆಂಟನೇ ಶತಮಾನದಲ್ಲಿ ಜಯಪುರದ ರಾಜ ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಾಮ್ರಾಟ ಯೂಕ್ಲಿಡನನ್ನ ಅರಬಿಯಿಂದ ಸಂಸ್ಕೃತಕ್ಕೆ ತಂದ, ಹೆಸರು 'ರೇಖಾಗಣಿತ', 1901-02ರಲ್ಲಿ ಅದು ಪುಸ್ತಕವಾಗಿ ಬಂದದ್ದು ನಮ್ಮ ಮುಂಬೈಲೇ.

ನಂಗೆ ಸಿಟ್ಟು ಗಣಿತದ ಮೇಲಲ್ಲ. ಮೊನ್ನೆ ಒಂದು ಸಂಘದ ಸಭೇಲಿ, ಭಾನುವಾರದ ಕನ್ನಡ ಕ್ಲಾಸು ನಿಲ್ಲಿಸ್ಬೇಕು ಅನ್ನೋ ಮಾತು ಬಂತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿ ಇಲ್ಲ, ಅದು ಸ್ವಯಂಸಿದ್ಧ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದ್ರು ಒಬ್ರು. ಹುಣ್ಣು ಯಾರ ಅಂಗೈಲಿದೆ ಅಂತ ಯಾರೂ ಕೇಳ್ಲಿಲ್ಲ. ಹೊರಗೆ ಚಪ್ಪಲಿ ಸ್ಟ್ಯಾಂಡ್ ಹತ್ರ ಎರಡು ಹುಡುಗೀರು 'ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ' ಬೋರ್ಡು ಓದ್ತಾ, 'ಕ್ಷ' ಬರೆಯೋದು ಹೇಗೆ ಅಂತ ಧೂಳಲ್ಲಿ ಬೆರಳಾಡಿಸ್ತಾ ಕಿತ್ತಾಡ್ತಿದ್ರು. ಅವರನ್ನ ಒಳಗೆ ಕರೆದು ಒಂದು ಮಾತು ಕೇಳಿದ್ರೆ ಏನು ಗಂಟು ಹೋಗ್ತಿತ್ತು? ಕನ್ನಡ ಮೀಡಿಯಂ ಶಾಲೆಗೆ ಬೀಗ ಬಿದ್ದಾಗ್ಲೂ ಇದೇ ಪದ, ಕನ್ನಡ ಪತ್ರಿಕೆಗೆ ಜಾಹೀರಾತು ಕೇಳೋಕೆ ಹೋದಾಗ್ಲೂ ಇದೇ ಪದ.

ಹಾಗಾಗಿ ಮುಂದಕ್ಕೂ ಆಕ್ಸಿಯಮ್ ಅಂತಲೇ ಹಾಕ್ತೀನಿ. ಬೇಜಾರಾದ್ರೆ ಇನ್ನೊಂದು ಪತ್ರ ಬರೀರಿ ಮಾಸ್ಟ್ರೇ, ಆದ್ರೆ ದಯವಿಟ್ಟು ಇನ್‌ಲ್ಯಾಂಡ್ ಲೆಟರ್‌ನ ಅಂಚಲ್ಲಿ ಬರೀಬೇಡಿ, ಬಿಡಿಸೋವಾಗ ನಿಮ್ಮ ಕಡೇ ಎರಡು ಸಾಲು ಹರಿದೇ ಹೋಯ್ತು.