ಮುರಿದ ಮಂತ್ರದಂಡಕ್ಕೆ ಅಷ್ಟು ಬೇಗ ಬದಲಿ ಕೊಡಬೇಡಿ

ನಮಸ್ಕಾರ. ನಿಮ್ಮ ಪತ್ರವನ್ನೂ ಅದರ ಜೊತೆ ಕಳಿಸಿದ್ದ ಎರಡು ಅಧ್ಯಾಯಗಳನ್ನೂ ಓದಿದೆ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಫ್ಯಾಂಟಸಿ ಕಾದಂಬರಿಯ 7ನೇ ಅಧ್ಯಾಯದಲ್ಲಿ 14 ವರ್ಷದ ಹುಡುಗನ ಮಂತ್ರದಂಡ ಮುರಿಯುತ್ತದೆ. 8ನೇ ಅಧ್ಯಾಯದಲ್ಲಿ ಗುರುಗಳು ಹೊಸದು ಕೊಡುತ್ತಾರೆ. ಕರಡು ಓದಿದ ನಿಮ್ಮ ಗೆಳತಿ "ಅಷ್ಟೇನಾ?" ಅಂದರಂತೆ. ಅದಕ್ಕೇ ನೀವು ಕೇಳಿದ್ದೀರಿ: ದಂಡ ಮುರಿದರೆ ಶಕ್ತಿ ಪೂರ್ತಿ ಹೋಗಬೇಕಾ, ಸ್ವಲ್ಪ ಉಳಿಯಬೇಕಾ, ಅಂಟಿಸಿದರೆ ಸರಿಹೋಗುತ್ತಾ, ಇದಕ್ಕೆ ಏನಾದರೂ ನಿಯಮ ಇದೆಯಾ?

ಎಲ್ಲರಿಗೂ ಒಂದೇ ಅನ್ನುವಂಥ ನಿಯಮ ಇಲ್ಲ. ಆದರೆ ನಿಮ್ಮ ಕಥೆಗೆ ಒಂದು ಇರಲೇಬೇಕು, ಅದೂ ದಂಡ ಮುರಿಯುವ ಮೊದಲೇ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ಮಾಂತ್ರಿಕನ ಕಥೆ ಕೇಳುವ ಯಾವ ಮಗುವೂ, ಗಿಳಿಯ ಕತ್ತು ಹಿಚುಕಿದರೆ ಅವನು ಯಾಕೆ ಸತ್ತ ಅಂತ ಕೇಳುವುದಿಲ್ಲ. ಪ್ರಾಣ ಎಲ್ಲಿದೆ ಅಂತ ಕಥೆ ಮೊದಲೇ ಹೇಳಿರುತ್ತದೆ. ನಿಮ್ಮ ಹುಡುಗನ ಶಕ್ತಿ ಎಲ್ಲಿದೆ? ಕೋಲಿನಲ್ಲಾ, ಅವನಲ್ಲಾ, ಅಥವಾ ಇಬ್ಬರೂ ಸೇರಿದಾಗ ಮಾತ್ರ ಹುಟ್ಟುವಂಥದ್ದಾ? ಆರು ಅಧ್ಯಾಯ ಓದಿದ ಮೇಲೂ ಓದುಗರಿಗೆ ಇದು ಗೊತ್ತಾಗದಿದ್ದರೆ, ಮುರಿದಾಗ ಏನು ಕಳೆದುಹೋಯಿತು ಅನ್ನುವುದೂ ಗೊತ್ತಾಗುವುದಿಲ್ಲ, ಅಲ್ವಾ?

ಸಿ.ಎಸ್. ಲೂಯಿಸ್ ಬರೆದು 1950ರಲ್ಲಿ ಬಂದ ಮೊದಲ ನಾರ್ನಿಯಾ ಕಥೆಯಲ್ಲಿ ಬಿಳಿ ಮಾಟಗಾತಿ ತನ್ನ ದಂಡದಿಂದ ಎದುರಾದವರನ್ನು ಕಲ್ಲು ಮಾಡುತ್ತಾಳೆ. ಯುದ್ಧದಲ್ಲಿ ಎಲ್ಲರೂ ಅವಳ ಮೇಲೇ ಬೀಳಲು ಹೋಗಿ ಕಲ್ಲಾಗುತ್ತಾರೆ. ಎಡ್ಮಂಡ್ ಅನ್ನುವ ಹುಡುಗ ಒಬ್ಬ ಮಾತ್ರ ಅವಳನ್ನು ಬಿಟ್ಟು ದಂಡಕ್ಕೆ ಕತ್ತಿ ಬೀಸುತ್ತಾನೆ. ಈ ಬುದ್ಧಿ ಅವನಿಗೇ ಯಾಕೆ ಹೊಳೆಯಿತು? ಮೊದಲು ಅವಳ ಕಡೆ ಸೇರಿ, ಆ ದಂಡ ಏನು ಮಾಡುತ್ತದೆ ಅಂತ ಪಕ್ಕದಲ್ಲೇ ನಿಂತು ನೋಡಿದವನು ಅವನು. ಅವನು ಮಾಡಿದ ತಪ್ಪೇ ಅಲ್ಲಿ ಕೆಲಸಕ್ಕೆ ಬಂತು. ದಂಡ ಹೋದ ಮೇಲೂ ಅವಳು ಸುಮ್ಮನಾಗುವುದಿಲ್ಲ, ಎಡ್ಮಂಡ್‌ಗೆ ತೀವ್ರವಾಗಿ ಗಾಯವಾಗುತ್ತದೆ. ಆದರೆ ಇನ್ನು ಯಾರನ್ನೂ ಕಲ್ಲು ಮಾಡಲಾರಳು.

ಟೋಲ್ಕಿನ್ ಬೇರೆ ದಾರಿ ಹಿಡಿಯುತ್ತಾರೆ. 1954ರಲ್ಲಿ ಬಂದ 'ದಿ ಟು ಟವರ್ಸ್'ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಬರೀ ಮಾತಿನಿಂದ ದ್ರೋಹ ಬಗೆದ ಇನ್ನೊಬ್ಬ ಮಾಂತ್ರಿಕ ಸಾರುಮಾನ್‌ನ ಕೋಲು ಮುರಿಯುತ್ತಾನೆ. ಕೋಲು ಹೋಯಿತು, ಪದವಿ ಹೋಯಿತು. ನಾಲಿಗೆ ಮಾತ್ರ ಹೋಗಲಿಲ್ಲ. ಮುಂದೆ ಆ ನಾಲಿಗೆಯಿಂದಲೇ ಅವನು ಸೆರೆಯಿಂದ ಬಿಡಿಸಿಕೊಂಡು ಹೋಗಿ ಕುಳ್ಳ ಜನರಾದ ಹಾಬಿಟ್‌ಗಳ ನಾಡನ್ನು ಹಾಳು ಮಾಡುತ್ತಾನೆ. ಕೋಲು ಮುರಿದ ಮೇಲೂ ಏನು ಉಳಿಯಿತು ಅಂತ ಲೇಖಕ ಮರೆಯಲಿಲ್ಲ ನೋಡಿ, ನನಗೆ ಅದು ತುಂಬಾ ಇಷ್ಟ. ಇನ್ನು ಶೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್'ನಲ್ಲಿ, ಅದು 1611ರ ಸುಮಾರಿನ ನಾಟಕ, ಮಾಂತ್ರಿಕ ಪ್ರಾಸ್ಪೆರೊ ಕೋಲನ್ನು ತಾನೇ ಮುರಿದು ಹೂಳುತ್ತೇನೆ ಅನ್ನುತ್ತಾನೆ. ಕಿತ್ತುಕೊಳ್ಳುವವರು ಯಾರೂ ಇಲ್ಲ, ಅವನಿಗೇ ಸಾಕಾಗಿದೆ.

ನಿಮ್ಮ ಹುಡುಗನಿಗೆ ಹತ್ತಿರದವರು ಅಂದರೆ ಹ್ಯಾರಿ ಪಾಟರ್ ಮತ್ತು ಅವನ ಗೆಳೆಯ ರಾನ್. (ಆ ಪುಸ್ತಕಗಳನ್ನು ಓದದವರು ಈ ಪ್ಯಾರಾ ಮತ್ತು ಮುಂದಿನದನ್ನು ಬಿಡಿ, ಕಥೆ ಬಯಲಾಗುತ್ತದೆ.) 1998ರ ಎರಡನೇ ಪುಸ್ತಕದ 5ನೇ ಅಧ್ಯಾಯದಲ್ಲಿ ರಾನ್‌ನ ದಂಡ ಮುರಿಯುತ್ತದೆ. ಪೂರ್ತಿ ಅಲ್ಲ, ಒಂದೆರಡು ಸಿಬಿರಿನಲ್ಲಿ ತುದಿ ಜೋತಾಡುತ್ತಿರುತ್ತದೆ. ಮನೆಗೆ ಬರೆದರೆ ಬೈಗುಳ ಗ್ಯಾರಂಟಿ, ಅದಕ್ಕೆ ಹೊಸದು ಕೇಳುವುದಿಲ್ಲ, ಟೇಪ್ ಸುತ್ತಿಕೊಂಡು ಇಡೀ ವರ್ಷ ತಳ್ಳುತ್ತಾನೆ. ಇನ್ನೊಬ್ಬನ ಮೇಲೆ ಬಿಟ್ಟ ಮಂತ್ರ ತಿರುಗಿ ತನಗೇ ಬಡಿದು, ಬಾಯಿಂದ ಚಿಪ್ಪಿಲ್ಲದ ಬಸವನಹುಳು ಕಾರುತ್ತಾ ಕೂರುತ್ತಾನೆ. ನಾವು ನಗುತ್ತೇವೆ. ಆಮೇಲೆ 16ನೇ ಅಧ್ಯಾಯದಲ್ಲಿ, ಮೋಸಗಾರ ಮೇಷ್ಟ್ರು ಲಾಕ್‌ಹಾರ್ಟ್ ಅದೇ ದಂಡ ಕಿತ್ತುಕೊಂಡು ಹುಡುಗರ ನೆನಪು ಅಳಿಸಲು ಹೋಗಿ ತನ್ನ ನೆನಪನ್ನೇ ಕಳೆದುಕೊಳ್ಳುತ್ತಾನೆ. ಹನ್ನೊಂದು ಅಧ್ಯಾಯದ ಹಿಂದೆ ಬಿಟ್ಟ ಬಿರುಕು ಇಲ್ಲಿ ಹುಡುಗರನ್ನು ಉಳಿಸಿತು. ರಾನ್‌ಗೆ 6ನೇ ಅಧ್ಯಾಯದಲ್ಲೇ ಹೊಸ ದಂಡ ಸಿಕ್ಕಿದ್ದರೆ?

2007ರ ಕೊನೆಯ ಪುಸ್ತಕದಲ್ಲಿ ಹ್ಯಾರಿಯ ದಂಡ ಮುರಿಯುವಾಗ ನಗು ಇಲ್ಲ. ಗೆಳತಿ ಹರ್ಮಯೋನಿ ಬಿಟ್ಟ ಮಂತ್ರ ಎಲ್ಲೋ ಬಡಿದು ಚಿಮ್ಮಿ ಅದನ್ನು ಮುರಿದಿರುತ್ತದೆ, ಅದೂ ಅವಳು ಅವನನ್ನು ಉಳಿಸುವ ಗಡಿಬಿಡಿಯಲ್ಲಿ. ಒಳಗಿನ ಫೀನಿಕ್ಸ್ ಹಕ್ಕಿಯ ಗರಿಯ ಒಂದೇ ಎಳೆಯಲ್ಲಿ ಎರಡು ತುಂಡು ನೇತಾಡುತ್ತವೆ. ಸರಿಮಾಡಲು ನೋಡುತ್ತಾಳೆ, ಕೂಡಿಕೊಳ್ಳುತ್ತದೆ. ಹ್ಯಾರಿ ಬೆಳಕಿನ ಮಂತ್ರ ಹೇಳಿದರೆ ಸಣ್ಣ ಕಿಡಿ ಹಾರಿ ಆರಿಹೋಗುತ್ತದೆ. ಇನ್ನೊಂದು ಮಂತ್ರ ಹೇಳುತ್ತಲೇ ಮತ್ತೆ ಎರಡು ತುಂಡು. ಅವನು ಬೈಯುವುದಿಲ್ಲ, ತುಂಡುಗಳನ್ನು ಕತ್ತಿನ ಚೀಲದಲ್ಲಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಬೇರೆಯವರ ದಂಡ ಹಿಡಿದು ಒದ್ದಾಡುತ್ತಾನೆ. ಕೊನೆಗೆ ಎಲ್ಲಕ್ಕಿಂತ ಬಲವಾದ ದಂಡ ಕೈಗೆ ಬಂದಾಗ, ಅದರಿಂದ ಆ ಹಳೇ ತುಂಡುಗಳನ್ನು ಕೂಡಿಸಿ, ಆ ಬಲವಾದ ದಂಡವನ್ನೇ ದೂರ ಇಡುತ್ತಾನೆ.

ಈಗ ನಿಮ್ಮ 7ನೇ ಅಧ್ಯಾಯ. "ದಂಡ ಮುರಿಯಿತು" ಅಂತ ಎರಡೇ ಪದ ಬರೆದಿದ್ದೀರಿ. ಹೇಗೆ ಮುರಿಯಿತು? ಒಣಗಿದ ಕಡ್ಡಿ ಚಟ್ ಅಂತ ಒಂದೇ ಸಲ ಮುರಿಯುತ್ತದೆ. ಹಸಿ ಕಡ್ಡಿ ಬಾಗುತ್ತದೆ, ಸೀಳುತ್ತದೆ, ನಾರು ಬಿಡುವುದಿಲ್ಲ, ತಿರುಚಿ ತಿರುಚಿ ಕೀಳಬೇಕು. ಯಾವ ಥರ ಮುರಿಯಿತು ಅನ್ನುವುದರ ಮೇಲೆ ಮುಂದೆ ಅಂಟಿಸಲು ಆಗುತ್ತಾ ಇಲ್ಲವಾ ಅನ್ನುವುದೂ ನಿಂತಿದೆ. ಇನ್ನೊಂದು, ಹುಡುಗನ ಕೈ ಏನು ಮಾಡಿತು? ನನ್ನ ಕನ್ನಡಕ ಮುರಿದ ವಾರ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಮೇಲೆ ತಳ್ಳಲು ಬೆರಳು ದಿನಕ್ಕೆ ಎಷ್ಟೋ ಸಲ ಹೋಗಿ ಬರುತ್ತಿತ್ತು, ಪ್ರತಿ ಸಲವೂ ಒಂದು ಕ್ಷಣ ಮನಸ್ಸು ಖಾಲಿ ಆಗುತ್ತಿತ್ತು. ಬಾಗಿಲು ತೆರೆಯಲು, ದೀಪ ಹಚ್ಚಲು ದಂಡವನ್ನೇ ನಂಬಿದ್ದ ಹುಡುಗನ ಕೈಗೂ ಹಾಗೇ ಆಗುತ್ತದೆ. ಅವನು ಕತ್ತಲಲ್ಲಿ ಸೊಂಟ ತಡವಿಕೊಳ್ಳುವುದನ್ನು ನನಗೆ ತೋರಿಸಿ.

ಗುರುಗಳು ಕೊಡುವ ಹೊಸ ದಂಡ ಬೇಡವೇ ಬೇಡ ಅನ್ನುತ್ತಿಲ್ಲ. 12ನೇ ಅಧ್ಯಾಯಕ್ಕೆ ತಳ್ಳಿ, ಅಥವಾ ಕೊಟ್ಟರೂ ಅದು ಅವನ ಮಾತು ಕೇಳದಿರಲಿ. ಅಲ್ಲಿಯವರೆಗೆ ಅವನು ಬೆಂಕಿ ಹೊತ್ತಿಸಲು ಕಲಿಯಲಿ, ಸುಳ್ಳು ಹೇಳಲಿ, ಯಾರನ್ನೋ ಬೇಡಲಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಅದರಲ್ಲಿ ಒಂದು ಸಾಲು ಸೇರಿಸುವುದನ್ನು ಮರೆಯಬೇಡಿ: ಆ ಎರಡು ತುಂಡು ಎಲ್ಲಿ ಹೋದವು ಅಂತ ನಿಮ್ಮ ಕರಡಿನಲ್ಲಿ ಎಲ್ಲೂ ಇಲ್ಲ.