ಅಮೆರಿಕದ ಹಳೆಯ ಪ್ರೂಫ್ ಚಿನ್ನದ ನಾಣ್ಯಗಳು ಇಷ್ಟು ಅಪರೂಪ ಯಾಕೆ?

ನೀವು ಎರಡು ವಿಷಯ ಕೇಳಿದ್ದೀರಿ. ಅಮೆರಿಕದ ಆರಂಭಕಾಲದ ಪ್ರೂಫ್ ಚಿನ್ನದ ನಾಣ್ಯಗಳು ಸಿಗದಿರುವುದು ಕಡಿಮೆ ಟಂಕಿಸಿದ್ದರಿಂದಲೇ? ಕನ್ನಡಿಯಂತೆ ಹೊಳೆಯುವ ಹಳೆ ನಾಣ್ಯವೆಲ್ಲ ಪ್ರೂಫ್ ತಾನೇ? ಎರಡನೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ಪ್ರೂಫ್ ಅನ್ನುವುದು ತಯಾರಿಕೆಯ ವಿಧಾನದ ಹೆಸರು. ಅಚ್ಚನ್ನು ಉಜ್ಜಿ ನುಣುಪು ಮಾಡಿ, ಆಯ್ದ ಬಿಲ್ಲೆಗೂ ಮೆರುಗು ಕೊಟ್ಟು, ತಿರುಪಿನ ಒತ್ತುಯಂತ್ರದಲ್ಲಿ ನಿಧಾನವಾಗಿ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದ ನಾಣ್ಯ ಅದು. ಆಮೇಲೆ ಯಾರದೋ ಜೇಬಿನಲ್ಲಿ ಸವೆದರೂ ಅದು ಪ್ರೂಫೇ. ಮಾಮೂಲಿ ನಾಣ್ಯವನ್ನು ಎಷ್ಟು ತಿಕ್ಕಿ ಬೆಳಗಿದರೂ ಪ್ರೂಫ್ ಆಗುವುದಿಲ್ಲ, ಬೆಲೆ ಕಳೆದುಕೊಳ್ಳುತ್ತದೆ ಅಷ್ಟೆ.

ಇನ್ನು ಮೊದಲನೆಯದು. ಕಡಿಮೆ ಟಂಕಿಸಿದ್ದು ನಿಜ, ಆದರೆ ಅದು ಅರ್ಧ ಕಥೆ. ಫಿಲಡೆಲ್ಫಿಯಾದ ಟಂಕಸಾಲೆ ಚಿನ್ನದ ನಾಣ್ಯ ಶುರು ಮಾಡಿದ್ದು 1795ರಲ್ಲಿ. 1792ರ ಕಾಯ್ದೆ ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ ಎಂದು ಬೆಲೆ ಕಟ್ಟಿತ್ತು. ಯುರೋಪಿನಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಲೆ. ಹಾಗಾಗಿ ಐದು ಡಾಲರಿನ ಹಾಫ್ ಈಗಲ್ ಹಡಗು ಹತ್ತಿ ಹೋಗಿ ಮೂಸೆಗೆ ಬೀಳುತ್ತಿತ್ತು. 1834ರಲ್ಲಿ ಕಾಯ್ದೆ ಬದಲಾಗಿ ಹಾಫ್ ಈಗಲ್‌ನ ತೂಕ 8.75 ಗ್ರಾಂನಿಂದ 8.36ಕ್ಕೆ ಇಳಿಯಿತು, ಚಿನ್ನದ ಶುದ್ಧತೆಯೂ ಸ್ವಲ್ಪ ತಗ್ಗಿತು. ಆಗ ಹಳೆಯ ಐದು ಡಾಲರಿನಲ್ಲಿದ್ದ ಚಿನ್ನಕ್ಕೆ ಹೊಸ ಲೆಕ್ಕದಲ್ಲಿ ಸುಮಾರು 5.33 ಡಾಲರ್ ಸಿಗುವಂತಾಯಿತು. ಉಳಿದಿದ್ದವನ್ನೂ ಕರಗಿಸದೆ ಯಾರು ಬಿಡುತ್ತಾರೆ? 1822ರ ಹಾಫ್ ಈಗಲ್ ಪ್ರೂಫ್ ಅಲ್ಲ, ಚಲಾವಣೆಗೆ ಮಾಡಿದ್ದು. ಟಂಕಸಾಲೆಯ ಲೆಕ್ಕದಲ್ಲಿ 17,796 ಇವೆ, ಇಂದು ಗೊತ್ತಿರುವುದು ಮೂರೇ ಮೂರು. ಎರಡು ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯವಾದ ಸ್ಮಿತ್ಸೋನಿಯನ್‌ನ ಸಂಗ್ರಹದಲ್ಲಿವೆ, ಮೂರನೆಯದು 2021ರಲ್ಲಿ 84 ಲಕ್ಷ ಡಾಲರಿಗೆ ಹರಾಜಾಯಿತು. ಸಾವಿರಾರು ನಾಣ್ಯಗಳ ಗತಿಯೇ ಹೀಗಾದರೆ, ಬೆರಳೆಣಿಕೆಯಷ್ಟು ಮಾಡಿದ ಪ್ರೂಫ್‌ಗಳು ಎಲ್ಲಿ ಉಳಿದಾವು?

ಉಳಿದಿದ್ದರೆ ಯಾರೋ ಎತ್ತಿಟ್ಟಿದ್ದರಿಂದ. ಆ ಪೈಕಿ ನಾನು ಮನಸಾರೆ ಗೌರವಿಸುವ ಹೆಸರು ಆಡಮ್ ಎಕ್‌ಫೆಲ್ಟ್. 1814ರಿಂದ 1839ರವರೆಗೆ ಟಂಕಸಾಲೆಯ ಮುಖ್ಯ ನಾಣ್ಯಕಾರ. ಚೆನ್ನಾಗಿ ಮೂಡಿದ ನಾಣ್ಯಗಳನ್ನು ಅವರು ಬೇರೆ ತೆಗೆದಿಡುತ್ತಿದ್ದರು. 1838ರಲ್ಲಿ ಟಂಕಸಾಲೆಯ ಸ್ವಂತ ಸಂಗ್ರಹಾಲಯ ಹುಟ್ಟಿದ್ದು ಅವುಗಳಿಂದ, ಅದು 1923ರಲ್ಲಿ ಸ್ಮಿತ್ಸೋನಿಯನ್‌ಗೆ ಹೋಯಿತು.

ಇವೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು 1804 ಇಸವಿಯ ಹತ್ತು ಡಾಲರಿನ ಪ್ರೂಫ್ ಈಗಲ್. ಅದನ್ನು ಮಾಡಿದ್ದು 1804ರಲ್ಲಲ್ಲ! 1834ರಲ್ಲಿ ಅಮೆರಿಕ ಸರ್ಕಾರ ಏಷ್ಯಾದ ಅರಸರಿಗೆ ಉಡುಗೊರೆಯಾಗಿ ತನ್ನ ನಾಣ್ಯಗಳ ಪೂರ್ಣ ಸೆಟ್ ಕಳಿಸಲು ಹೊರಟಿತು. ಈಗಲ್ ತಯಾರಿ 1804ಕ್ಕೇ ನಿಂತುಹೋಗಿತ್ತು. ಹೊಸ ಅಚ್ಚು ಕೆತ್ತಿ ಹಳೆ ಇಸವಿಯನ್ನೇ ಹಾಕಿದರು. ಅಸಲಿ 1804ರ ನಾಣ್ಯದಲ್ಲಿ 4ರ ಅಡ್ಡಗೆರೆಯ ತುದಿಗೆ ಪುಟ್ಟ ಲಂಬಗೆರೆಯಿದೆ, ಉಡುಗೊರೆಯದರಲ್ಲಿ ಇಲ್ಲ. ಗೊತ್ತಿರುವುದು ಮೂರ್ನಾಲ್ಕೇ. ರಾಯಭಾರಿ ಎಡ್ಮಂಡ್ ರಾಬರ್ಟ್ಸ್ ಪೀಕಾಕ್ ಎಂಬ ನೌಕೆಯಲ್ಲಿ ಸೆಟ್ಟುಗಳನ್ನು ತಂದರು. ಒಮಾನಿನ ಮಸೀರಾ ದ್ವೀಪದ ಬಳಿ ನೆಲಕಚ್ಚಿದ ನೌಕೆ, ಮಸ್ಕತ್ ಸುಲ್ತಾನನ ಭೇಟಿಯಾದ ಮೇಲೆ ದುರಸ್ತಿಗೆಂದು ಬೊಂಬಾಯಿಗೆ ಬಂತು. ಅಂದರೆ ಸಯಾಮಿನ (ಈಗಿನ ಥಾಯ್ಲೆಂಡ್) ರಾಜನಿಗೆ ಮೀಸಲಾದ ಆ ಚಿನ್ನದ ನಾಣ್ಯ ಕೆಲಕಾಲ ನಮ್ಮ ಪಶ್ಚಿಮ ಕರಾವಳಿಯ ಬಂದರಿನಲ್ಲೇ ಇತ್ತು! 1836ರಲ್ಲಿ ಸಯಾಮಿಗೆ ತಲುಪಿಸಿದ ಮೇಲೆ ರಾಬರ್ಟ್ಸ್ ಮಕಾವಿನಲ್ಲಿ ತೀರಿಕೊಂಡರು. ಜಪಾನ್ ಮತ್ತು ಕೊಚಿನ್‌ಚೀನಾದ (ಈಗಿನ ವಿಯೆಟ್ನಾಂ) ಅರಸರ ಕೈಗೆ ಉಡುಗೊರೆ ಸೇರಲೇ ಇಲ್ಲ.

1858ರ ಹೊತ್ತಿಗೆ ಪ್ರೂಫ್‌ಗಳನ್ನು ಸಾರ್ವಜನಿಕರಿಗೂ ಮಾರತೊಡಗಿದರು. ಆದರೂ ಕೊಳ್ಳುವವರೆಲ್ಲಿ? ಆಗಿನ ಆರು ಬಗೆಯ ಚಿನ್ನದ ನಾಣ್ಯಗಳ ಒಟ್ಟು ಮುಖಬೆಲೆಯೇ 41.50 ಡಾಲರ್. ಕೂಲಿಯವನ ದಿನಗೂಲಿ ಒಂದು ಡಾಲರಿನ ಆಸುಪಾಸು. 1875ರಲ್ಲಿ ಪ್ರತಿ ಬೆಲೆಯದೂ ಬರೀ 20 ಪ್ರೂಫ್ ಮಾಡಿದರು. ಮಾರಾಟವಾಗದೆ ಉಳಿದವು ಮತ್ತೆ ಮೂಸೆಗೇ ಹೋಗುತ್ತಿದ್ದವು.

ಯಾರಾದರೂ ನಿಮಗೆ 1830ರ ದಶಕದ ಹೊಳೆಯುವ ಹಾಫ್ ಈಗಲ್ ತೋರಿಸಿ ಪ್ರೂಫ್ ಅಂದರೆ, ಭೂತಕನ್ನಡಿ ಹಿಡಿದು ಅಕ್ಷರಗಳ ಹೊಟ್ಟೆಯೊಳಗೆ ನೋಡಿ. ನಿಜವಾದ ಪ್ರೂಫ್‌ನಲ್ಲಿ ಆ ಸಂದಿಗಳಲ್ಲೂ ಕನ್ನಡಿಯ ಹೊಳಪಿರುತ್ತದೆ, ಅಂಚು ಚೌಕಾಗಿ ಚೂಪಾಗಿರುತ್ತದೆ, ಕೂದಲಿನ ಎಳೆ, ರೆಕ್ಕೆಯ ಗರಿ ಪೂರ್ತಿ ಮೂಡಿರುತ್ತವೆ. ಒಂದೇ ದಿಕ್ಕಿನಲ್ಲಿ ಸಣ್ಣ ಗೀರುಗಳ ಸಾಲು ಕಂಡು, ಸಂದಿಗಳು ಮಾತ್ರ ಮಂಕಾಗಿದ್ದರೆ ಯಾರೋ ತಿಕ್ಕಿದ್ದಾರೆ. ಪ್ರೂಫ್‌ನ ಬೆಲೆಗೆ ಅದನ್ನು ಕೊಳ್ಳಬೇಡಿ.